ಪೂರ್ಣ ಕಟ್ಟಿಗೆಯ ಬೋಲ್ಟ್ ರೈಫಲ್‌ಗಳು: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಸಂಗ್ರಹ ಮತ್ತು ಹೋಲಿಕೆಯ ಪ್ರಶ್ನೆ

ಸಾಮಾನ್ಯ ಬೇಟೆ ರೈಫಲ್ಲಿನ ಕಟ್ಟಿಗೆ ನಳಿಗೆಯ ಅರ್ಧಕ್ಕೆ ನಿಲ್ಲುತ್ತದೆ. ಕೆಲವು ರೈಫಲ್ಲುಗಳಲ್ಲಿ ಮಾತ್ರ ಅಕ್ರೋಟ ಕಟ್ಟಿಗೆ ನಳಿಗೆಯ ಬಾಯಿಯವರೆಗೂ ಹಾಸಿಕೊಂಡು ಹೋಗಿ ಒಂದು ಉಕ್ಕಿನ ಟೊಪ್ಪಿಗೆಯಲ್ಲಿ ಮುಗಿಯುತ್ತದೆ. ಆಸ್ಟ್ರಿಯಾದ ಮಲೆಬೇಟೆಗಾರರ ನಡುವೆ ಬೆಳೆದ ಈ ರೂಪವನ್ನು ಸಂಗ್ರಾಹಕರು ಚೆಲುವಿಗಾಗಿ ಬಯಸುತ್ತಾರೆ. ನಮ್ಮಲ್ಲಿ ಇವುಗಳ ಅಧ್ಯಯನ ಬೇರೆ ದಾರಿ ಹಿಡಿಯಬೇಕು ಎಂಬುದು ಈ ಲೇಖನದ ವಾದ. ಇಲ್ಲಿ ಸಂಗ್ರಹಿಸಬೇಕಾದದ್ದು ಬಂದೂಕಿನ ವಿವರ. ಬಂದೂಕು ಅದರ ಪರವಾನಗಿದಾರನ ಬಳಿಯೇ ಇರಲಿ.

ಈ ಸೀಮೆಗೆ ಆಯುಧ ಕಾನೂನಿನ ನೆನಪು ಹಳೆಯದು. 1857ರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಧಿಕ್ಕರಿಸಿ ಹಲಗಲಿಯ ಬೇಡರು ಆ ವರ್ಷದ ನವೆಂಬರಿನಲ್ಲಿ ದಂಗೆಯೆದ್ದರು. ಹಲಗಲಿ ಅಂದು ಮುಧೋಳ ಸಂಸ್ಥಾನದ ಹಳ್ಳಿ, ಮೂಡಲಗಿಗೆ ನೆರೆಸೀಮೆ. ಊರನ್ನು ಸುಡಲಾಯಿತು, ಸೆರೆ ಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಆ ಘಟನೆಯ ಲಾವಣಿಯನ್ನು ವಿದ್ವಾಂಸ ಜೆ. ಎಫ್. ಫ್ಲೀಟ್ ಸಂಗ್ರಹಿಸಿದ್ದರಿಂದ ಅದು ಇಂದಿಗೂ ಉಳಿದಿದೆ. ಕೊಡಗಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ: 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ಕೊಟ್ಟ ವಿನಾಯಿತಿ ರೂಪ ಬದಲಿಸಿಕೊಂಡು ಇಂದಿಗೂ ಮುಂದುವರಿದಿದೆ, ಸದ್ಯದ ಅವಧಿ 2029ರವರೆಗೆ ಇದೆ. ಹೀಗಾಗಿ ಕೊಡಗಿನ ಕೋವಿ ಮನೆತನದ ಗುರುತಾಯಿತು. ಬೆಳಗಾವಿ ಜಿಲ್ಲೆಯಲ್ಲಿ, 1878ರ ಆಯುಧ ಕಾಯ್ದೆಯ ನಂತರ, ಬಂದೂಕು ಪರವಾನಗಿಯ ಕಾಗದಕ್ಕೆ ಕಟ್ಟಿಬಿದ್ದ ಆಸ್ತಿಯಾಯಿತು. ಬೋಲ್ಟ್ ರೈಫಲ್ ಎಂಬುದು ಇಲ್ಲಿಗೆ ಬಂದದ್ದೇ ಈ ಕಾಗದದ ಕಾಲದಲ್ಲಿ.

ಹೋಲಿಕೆಗೆ ಮೊದಲ ಮಾದರಿ ಮ್ಯಾನ್‌ಲಿಕರ್-ಶೋನಾವರ್. ಫರ್ಡಿನಾಂಡ್ ಮ್ಯಾನ್‌ಲಿಕರ್ ಮತ್ತು ಒಟ್ಟೋ ಶೋನಾವರ್ ರೂಪಿಸಿ, ಸ್ಟೈಯರ್ ಕಾರ್ಖಾನೆಯಲ್ಲಿ ತಯಾರಾದ 1903ರ ಈ ರೈಫಲ್ಲನ್ನು ಗ್ರೀಕ್ ಸೇನೆ ಸ್ವೀಕರಿಸಿತು. ಅದರ ಬೇಟೆ ರೂಪ 6.5 ಮಿ.ಮೀ. ತೋಟಾದ್ದು, ನಳಿಗೆ ಸುಮಾರು 45 ಸೆಂ.ಮೀ. ಮಾತ್ರ. 1905ರಲ್ಲಿ 9, 1908ರಲ್ಲಿ 8, 1910ರಲ್ಲಿ 9.5 ಮಿ.ಮೀ. ಮಾದರಿಗಳು ಬಂದವು. ಇದರ ಜೀವಾಳ ಮ್ಯಾಗಜೀನು. ಐದು ತೋಟಾಗಳು ಒಂದು ಉರುಳೆಯ ಸುತ್ತ ತಮ್ಮ ತಮ್ಮ ತೋಡಿನಲ್ಲಿ ಕೂತಿರುತ್ತವೆ. ಬೋಲ್ಟ್ ಎಳೆದು ತಳ್ಳಿದಂತೆಲ್ಲ ಉರುಳೆ ಸ್ಪ್ರಿಂಗಿನ ಬಲದಿಂದ ತಿರುಗಿ ಮುಂದಿನದನ್ನು ಬೋಲ್ಟಿನ ಎದುರಿಗೆ ತರುತ್ತದೆ. ತೋಟಾಗಳು ಒಂದಕ್ಕೊಂದು ಉಜ್ಜುವುದಿಲ್ಲ. ಈ ನಯಕ್ಕೆ ಬೆಲೆಯೂ ಉಂಟು: ಉರುಳೆಯನ್ನು ಒಂದು ನಿರ್ದಿಷ್ಟ ತೋಟಾಕ್ಕೇ ಕಡೆದಿರುವುದರಿಂದ ಬೇರೆ ತೋಟಾಕ್ಕೆ ಅದನ್ನು ಒಗ್ಗಿಸುವುದು ಬಲು ಕಷ್ಟ.

ಪಾಲ್ ಮೌಸರ್ 1898ರಲ್ಲಿ ಕೊಟ್ಟ ಉತ್ತರ ಒರಟು, ಆದರೆ ಗಟ್ಟಿ. ತೋಟಾಗಳು ಎರಡು ಸಾಲಾಗಿ ಪೆಟ್ಟಿಗೆಯಲ್ಲಿ ಕೂರುತ್ತವೆ. ಬೋಲ್ಟಿನ ಪಕ್ಕದ ಉದ್ದನೆಯ ಕೊಕ್ಕೆ ತೋಟಾದ ಅಂಚನ್ನು ಮೊದಲಿಗೇ ಕಚ್ಚಿ ಹಿಡಿದು, ಹೊರಗೆ ಚಿಮ್ಮಿಸುವವರೆಗೆ ಬಿಡುವುದಿಲ್ಲ. ಮೌಸರ್ ಕಾರ್ಖಾನೆ ಇದೇ ಯಂತ್ರವನ್ನು ಪೂರ್ಣ ಕಟ್ಟಿಗೆಯಲ್ಲೂ ಕೂರಿಸಿ ಮಾರಿತು; ಎರಡನೆಯ ಮಹಾಯುದ್ಧದ ನಂತರ ಚೆಕೊಸ್ಲೊವಾಕಿಯಾದ ಬ್ರ್ನೋ ಕಾರ್ಖಾನೆ ಅದರ ಚಿಕ್ಕ, ಹಗುರ ರೂಪವನ್ನು ಹೊರತಂದಿತು. ನನ್ನ ತೀರ್ಮಾನದಲ್ಲಿ ಕೈಗೆ ಮ್ಯಾನ್‌ಲಿಕರ್ ಹಿತ, ಭರವಸೆಗೆ ಮೌಸರ್ ಮೇಲು. ಬೇಟೆಗಾರ ಜಿಮ್ ಕಾರ್ಬೆಟ್‌ಗೆ 1907ರಲ್ಲಿ ಉಡುಗೊರೆಯಾಗಿ ಬಂದ .275 ರಿಗ್ಬಿ ಮೌಸರ್ ಯಂತ್ರದ್ದೇ, ಆದರೆ ಅರ್ಧ ಕಟ್ಟಿಗೆಯದು. ತೇಜಸ್ವಿಯವರ ಅನುವಾದಗಳಿಂದ ಕನ್ನಡಿಗರಿಗೆ ಪರಿಚಿತರಾದ ಕೆನೆತ್ ಆಂಡರ್ಸನ್ ಬಳಸುತ್ತಿದ್ದ .405 ವಿಂಚೆಸ್ಟರ್ ಸನ್ನೆ ಎಳೆದು ತೋಟಾ ತುಂಬುವ ಬೇರೆಯೇ ಜಾತಿ.

ನಮ್ಮ ಹಳ್ಳಿಗಳಿಗೆ ಹತ್ತಿರದ ಕೊಂಡಿ ಇಛಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್. ಸೇನೆಯ .303 ತೋಟಾ ನಾಗರಿಕರಿಗೆ ನಿಷಿದ್ಧವಾದ್ದರಿಂದ ಲೀ-ಎನ್‌ಫೀಲ್ಡ್ ಯಂತ್ರಕ್ಕೆ ಬೇರೊಂದು ತೋಟಾ ಹೊಂದಿಸಲಾಯಿತು. ಅದು ಬೇರೆ ಯಾವುದೂ ಅಲ್ಲ, 1890ರ ಆಸ್ಟ್ರಿಯನ್ ಸೇನೆಯ 8 ಮಿ.ಮೀ. ಮ್ಯಾನ್‌ಲಿಕರ್ ತೋಟಾ. ಅಂದರೆ ಪರವಾನಗಿಯ .315 ಇಟ್ಟುಕೊಂಡ ರೈತ, ತನಗೆ ಅರಿವಿಲ್ಲದೆಯೇ ಮ್ಯಾನ್‌ಲಿಕರ್ ಪರಂಪರೆಯ ವಾರಸುದಾರ. ಯಂತ್ರ ಮಾತ್ರ ಬ್ರಿಟಿಷರದು: ಮ್ಯಾನ್‌ಲಿಕರ್, ಮೌಸರ್‌ಗಳಲ್ಲಿ ಬೋಲ್ಟಿನ ಅಗುಳಿ ಮುಂದೆ ಬಿದ್ದರೆ ಇದರಲ್ಲಿ ಹಿಂದೆ ಬೀಳುತ್ತದೆ, ಕಟ್ಟಿಗೆಯೂ ಒಂದೇ ತುಂಡಲ್ಲ. ಹೋಲಿಕೆಯ ಪಟ್ಟಿಯಲ್ಲಿ ಈ ರೈಫಲ್ಲನ್ನು ಬಿಡುವುದು ದೊಡ್ಡ ಲೋಪವಾಗುತ್ತದೆ.

ಪೂರ್ಣ ಕಟ್ಟಿಗೆಯ ದೊಡ್ಡ ಶತ್ರು ತೇವ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ನಳಿಗೆಯನ್ನು ಒತ್ತಿದರೆ ಗುರಿ ಸರಿಯುತ್ತದೆ. ಬೇಸಿಗೆಯಲ್ಲಿ ಬಿರಿದರೆ ಸೀಳು ಬಾಯಿಯವರೆಗೂ ಓಡಬಹುದು. ಪಶ್ಚಿಮದ ಮಳೆಗೆ ಹತ್ತಿರವಿರುವ ಹುಕ್ಕೇರಿಯ ಗುಡ್ಡಸಾಲಿನಲ್ಲೂ ಮೂಡಲಗಿಯ ಒಣ ಎರೆಬಯಲಿನಲ್ಲೂ ಒಂದೇ ರೈಫಲ್ ಬೇರೆ ಬೇರೆ ರೀತಿ ಸವೆಯುತ್ತದೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿದ ಬಂದೂಕು ತಿಂಗಳುಗಟ್ಟಲೆ ಎಣ್ಣೆ ಕಾಣದೆ ನಿಂತರೆ ಆಗುವ ಹಾನಿಯೂ ಇದೇ ಬಗೆಯದು. ಮರದ ಕಸುಬಿಗೆ ಹೆಸರಾದ ಗೋಕಾಕದಂಥ ಊರಿನಲ್ಲಿ ಈ ಸವಕಳಿಯನ್ನು ಗುರುತಿಸಬಲ್ಲ ಕಣ್ಣುಗಳಿಗೆ ಬರವಿರಬಾರದು.

ಬೇಟೆಯ ಕಾಲ ಮುಗಿದಿದೆ, ಮುಗಿದದ್ದು ಸರಿಯೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿ ಶಿಕಾರಿಯ ಬಾಗಿಲು ಮುಚ್ಚಿದವು. 2019ರ ಆಯುಧ ತಿದ್ದುಪಡಿ ಒಬ್ಬ ಪರವಾನಗಿದಾರನಿಗೆ ಮೂರರ ಬದಲು ಎರಡೇ ಬಂದೂಕು ಎಂದಿತು. ವಾರಸಾಗಿ ಬಂದದ್ದೂ ಈ ಮಿತಿಯೊಳಗೇ. ಮೂರರಲ್ಲಿ ಒಂದನ್ನು ಬಿಡಬೇಕಾದಾಗ ತೋಟಾ ಸಿಗದ ಹಳೆಯ ರೈಫಲ್ಲಿಗೇ ಕುತ್ತು ಬರುವುದು ಸಹಜ. ಹಾಗಾಗಿ ಹೊರದೇಶದ ಸಂಗ್ರಾಹಕನಂತೆ ಗೋಡೆ ತುಂಬ ರೈಫಲ್ ಸಾಲು ಕಟ್ಟುವುದು ಇಲ್ಲಿ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ.

ಹಳೆಯ ರೈಫಲ್ ಇರುವ ಮನೆತನಗಳಲ್ಲಿ ನನ್ನ ವಿನಂತಿ ಇಷ್ಟು. ಮಾನವಮಿಯ ಆಯುಧಪೂಜೆಗೆ ಅದನ್ನು ಹೊರತೆಗೆದಾಗ ಖಾಲಿ ಇರುವುದನ್ನು ಖಾತ್ರಿ ಮಾಡಿಕೊಂಡು, ನಳಿಗೆಯ ಬುಡದ ಪರೀಕ್ಷಾ ಮುದ್ರೆ, ಕ್ರಮಸಂಖ್ಯೆ, ಕಟ್ಟಿಗೆಯ ಉದ್ದ, ಬಾಯಿಯ ಟೊಪ್ಪಿಗೆ ಇಷ್ಟರ ಫೋಟೊ ತೆಗೆಯಿರಿ. ವಿಯೆನ್ನಾದ ಮುದ್ರೆಯೋ ಬರ್ಮಿಂಗ್‌ಹ್ಯಾಮಿನದೋ ಎಂಬುದರಿಂದ ರೈಫಲ್ ಬಂದ ದಾರಿ ತಿಳಿಯುತ್ತದೆ. ಅಜ್ಜನ ಕಾಲದ ಪರವಾನಗಿ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ರೈಫಲ್ಲನ್ನು ಸರ್ಕಾರಕ್ಕೆ ಒಪ್ಪಿಸುವ ದಿನ ಬಂದರೆ, ಒಪ್ಪಿಸುವ ಮೊದಲು ಈ ವಿವರಗಳ ಒಂದು ಪ್ರತಿಯನ್ನು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಕೊಡಿ.