ದೀಪವಿಲ್ಲದ ಊರು

ತಾಲ್ಲೂಕು ಕಚೇರಿಯ ಗ್ರಾಮಗಳ ಪಟ್ಟಿಯಲ್ಲಿ ಕೆಲವು ಊರುಗಳ ಮುಂದೆ ‘ಬೇಚರಾಕ್’ ಎಂದು ಬರೆದಿರುತ್ತದೆ. ಎರೆ, ಮಸಾರಿ ಇದ್ದಹಾಗೆ ಇದೂ ಒಂದು ಜಾತಿಯ ಮಣ್ಣಿರಬೇಕು ಅಂತ ಬಹಳ ದಿನ ನಂಬಿದ್ದೆ. ಮಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಪಾರಸಿಯಲ್ಲಿ ‘ಚಿರಾಗ್’ ಅಂದರೆ ದೀಪ, ‘ಬೇ’ ಅಂದರೆ ಇಲ್ಲದ್ದು. ಹೆಸರಿಲ್ಲದ್ದು ಬೇನಾಮಿ, ವಾರಸುದಾರರಿಲ್ಲದವನು ಬೇವಾರ್ಸಿ, ದೀಪವಿಲ್ಲದ ಊರು ಬೇಚರಾಕ್. ಒಡಹುಟ್ಟಿದವುಗಳಲ್ಲಿ ಒಂದು ಪತ್ರಿಕೆಗೆ ಹೋಯಿತು, ಒಂದು ಬೈಗುಳವಾಯಿತು, ಇದೊಂದು ಮಾತ್ರ ಕಡತದಲ್ಲೇ ಉಳಿಯಿತು.

ನಮ್ಮ ಜನ ಇದನ್ನು ‘ಹಾಳೂರು’ ಅಂದರು. ಹಳಗನ್ನಡದ ‘ಪಾೞ್’ ಬಾಯಲ್ಲಿ ಹಾಳಾಯಿತು. ಪಾಳುಗುಡಿ, ಪಾಳುಬಾವಿಯಲ್ಲಿ ಹಳೆಯ ಪಕಾರ ಇನ್ನೂ ಗಟ್ಟಿಯಾಗಿ ನಿಂತಿದೆ. ಆದರೆ ಹಾಳು ಅಂದಾಗ ಕಣ್ಣಿಗೆ ಬರುವುದು ಬಿದ್ದ ಗೋಡೆ. ಬೇಚರಾಕ್ ಗೋಡೆಯನ್ನು ನೋಡುವುದೇ ಇಲ್ಲ, ಸಂಜೆಗೆ ಕಾಯುತ್ತದೆ. ‘ಆ ಮನೆಗೆ ದೀಪ ಹಚ್ಚೋರಿಲ್ಲ’ ಅನ್ನುವ ನಮ್ಮ ಅಜ್ಜಿಯರಿಗೆ ಈ ಪಾರಸಿಯನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

2011ರ ಜನಗಣತಿಯಲ್ಲಿ ಕರ್ನಾಟಕದ ಗ್ರಾಮಗಳು 29,340. ಅವುಗಳಲ್ಲಿ 1,900ಕ್ಕೂ ಹೆಚ್ಚು ಊರುಗಳಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಬರ, ಪ್ಲೇಗು, ಮಲೆನಾಡಿನ ಚಳಿಜ್ವರ, ಅಣೆಕಟ್ಟಿನ ನೀರು: ಊರು ಬಿಡಿಸಲು ಕಾರಣಗಳಿಗೇನು ಕಡಿಮೆ? ಹಾಗಂತ ಅವೆಲ್ಲ ಬಾಳಲು ಬಾರದ ನೆಲವಲ್ಲ. ಎಷ್ಟೋ ಬೇಚರಾಕ್ ಊರುಗಳಲ್ಲಿ ಸರ್ವೆ ನಂಬರುಗಳಿವೆ, ಪಹಣಿ ಇದೆ, ಆಳೆತ್ತರದ ಜೋಳವೂ ಇದೆ. ಉಳುವವರು ಪಕ್ಕದೂರಿನವರು; ಹೊತ್ತು ಮುಳುಗಿದರೆ ಎತ್ತು ಹೊಡೆದುಕೊಂಡು ಹೊರಟುಬಿಡುತ್ತಾರೆ.

ಇದರ ತಿರುವುಮುರುವೂ ಉಂಟು. ತಾಂಡಾ, ಗೊಲ್ಲರಹಟ್ಟಿಗಳಲ್ಲಿ ತಲೆಮಾರುಗಳಿಂದ ಒಲೆ ಉರಿಯುತ್ತಿದೆ, ದಾಖಲೆಯಲ್ಲಿ ಮಾತ್ರ ಊರೇ ಇಲ್ಲ. ಅವಕ್ಕೆ ಸರಕಾರ ಇಟ್ಟ ಹೆಸರು ‘ದಾಖಲೆರಹಿತ ಜನವಸತಿ’. 2023ರ ಜನವರಿಯಲ್ಲಿ ಮಳಖೇಡದಲ್ಲಿ ಇಂಥ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಯಾರೂ ಇಲ್ಲದ ಊರಿನ ಹೆಸರನ್ನು ಅಷ್ಟು ಜೋಪಾನ ಮಾಡಿದ ಕಡತಕ್ಕೆ ಇವರು ಕಾಣಲು ಇಷ್ಟು ಕಾಲ ಬೇಕಾಯಿತು!

ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರೆ. ಬೇಚರಾಕಿನಲ್ಲಿ ಗೌಡನೂ ಇಲ್ಲ. ಉಳಿದವನು ಹೊಲದ ನಡುವಿನ ಹನುಮಪ್ಪ. ಶನಿವಾರ ಪಕ್ಕದೂರಿನಿಂದ ಯಾರೋ ಬಂದು ಎಣ್ಣೆ ಹಾಕಿ ಬತ್ತಿ ಹಚ್ಚಿ ಹೋಗುತ್ತಾರೆ. ಆ ದೀಪ ತಾಲ್ಲೂಕು ಕಚೇರಿಯ ಲೆಕ್ಕಕ್ಕಿಲ್ಲ.