ದೈನಂದಿನ ಚರ್ಮ ರಕ್ಷಣೆಗೆ ಮನೆಯಲ್ಲೇ ತಯಾರಿಸುವ ಗಿಡಮೂಲಿಕೆ ಮುಲಾಮು ಮತ್ತು ಲೋಷನ್: ಹೊಗೆಸೊಪ್ಪು ಬೆಳೆಯುವ ಪ್ರದೇಶದ ಕೃಷಿ ಕುಟುಂಬಗಳಿಗೆ ಸಲಹೆಗಳು

ಪೀಠಿಕೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ವರ್ಷದ ಬಹುಭಾಗ ರೈತ ಮತ್ತು ರೈತ ಮಹಿಳೆಯರ ಕೈಕಾಲುಗಳು ನೀರು, ಕೆಸರು, ಬಿಸಿ ಹಾಗೂ ದೂಳಿನ ಸಂಪರ್ಕದಲ್ಲಿರುತ್ತವೆ. ಗಾವಡಗೆರೆ ಹೋಬಳಿಯಂತಹ ಹೊಗೆಸೊಪ್ಪಿನ ಪ್ರದೇಶದಲ್ಲಿ ಮಳೆಗಾಲದಲ್ಲಿ ಎಲೆ ಕೀಳುವುದು, ಕಡ್ಡಿಗೆ ಕಟ್ಟುವುದು ಮತ್ತು ಬ್ಯಾರನ್‌ನಲ್ಲಿ ಹದಗೊಳಿಸುವುದು ನಡೆದರೆ, ಚಳಿಗಾಲದಲ್ಲಿ ಒಣಗಿದ ಸೊಪ್ಪನ್ನು ವಿಂಗಡಿಸುವ ಕೆಲಸವಿರುತ್ತದೆ. ಕೃಷ್ಣರಾಜನಗರದ ನಾಲಾ ಪ್ರದೇಶದಲ್ಲಿ ಭತ್ತದ ನಾಟಿ ಮಾಡುವವರು ದಿನವಿಡೀ ಕೆಸರಿನಲ್ಲಿ ನಿಲ್ಲಬೇಕಾಗುತ್ತದೆ. ಇದರ ಪರಿಣಾಮವಾಗಿ ಅಂಗೈ ಒರಟಾಗುವುದು, ಹಿಮ್ಮಡಿ ಸೀಳುವುದು ಮತ್ತು ಮೊಣಕಾಲಿನ ಕೆಳಭಾಗದ ಚರ್ಮ ಬಿಳಿಚಿ ಹೊಟ್ಟೇಳುವುದು ಸಾಮಾನ್ಯ.

ಸೀಳಿದ ಚರ್ಮ ಕೇವಲ ಅಂದದ ವಿಷಯವಲ್ಲ. ಸೀಳಿನ ಮೂಲಕ ರೋಗಾಣುಗಳು ಒಳಸೇರುತ್ತವೆ. ಹಸಿ ಹೊಗೆಸೊಪ್ಪಿನ ನಿಕೋಟಿನ್ ಹಾಗೂ ಪೀಡೆನಾಶಕಗಳೂ ಗಾಯವಾದ ಚರ್ಮದ ಮೂಲಕ ಹೆಚ್ಚು ಸುಲಭವಾಗಿ ದೇಹವನ್ನು ಸೇರುತ್ತವೆ. ಆದ್ದರಿಂದ ಚರ್ಮದ ಆರೈಕೆಯನ್ನು ಕೃಷಿ ಕಾರ್ಮಿಕರ ಆರೋಗ್ಯ ರಕ್ಷಣೆಯ ಭಾಗವೆಂದೇ ಪರಿಗಣಿಸಬೇಕು. ಮನೆಯಲ್ಲಿ ದೊರೆಯುವ ಎಣ್ಣೆ, ಜೇನುಮೇಣ ಮತ್ತು ಗಿಡಮೂಲಿಕೆಗಳಿಂದ ಕಡಿಮೆ ಖರ್ಚಿನಲ್ಲಿ ಮುಲಾಮು ಹಾಗೂ ಲೋಷನ್ ತಯಾರಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಚರ್ಮ ಒಣಗಲು ಕಾರಣ

ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸಬಹುದು. ಸತ್ತ ಜೀವಕೋಶಗಳು ಇಟ್ಟಿಗೆಗಳಾದರೆ ಅವುಗಳ ನಡುವಿನ ಜಿಡ್ಡಿನ ಅಂಶ ಗಾರೆಯಿದ್ದಂತೆ. ಬಟ್ಟೆ ಸೋಪು, ಅತಿ ಬಿಸಿ ನೀರು, ಪದೇ ಪದೇ ನೆನೆದು ಒಣಗುವುದು ಮತ್ತು ಚಳಿಗಾಲದ ಒಣಗಾಳಿಯಿಂದ ಈ ಜಿಡ್ಡು ಕರಗಿ, ಚರ್ಮದೊಳಗಿನ ತೇವ ಆವಿಯಾಗುತ್ತದೆ. ಇದನ್ನು ಸರಿಪಡಿಸಲು ಮೂರು ಬಗೆಯ ಪದಾರ್ಥಗಳು ನೆರವಾಗುತ್ತವೆ.

1. ತೇವವನ್ನು ಸೆಳೆದು ಹಿಡಿಯುವವು: ಗ್ಲಿಸರಿನ್, ಲೋಳೆಸರದ ತಿರುಳು.
2. ಒರಟುತನ ತಗ್ಗಿಸಿ ಮೃದುಗೊಳಿಸುವವು: ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ.
3. ತೇವ ಆವಿಯಾಗದಂತೆ ಮೇಲೆ ಪದರ ಕಟ್ಟುವವು: ಜೇನುಮೇಣ, ಹರಳೆಣ್ಣೆ.

ಮುಲಾಮಿನಲ್ಲಿ ನೀರಿನ ಅಂಶ ಇರುವುದಿಲ್ಲ. ಎಣ್ಣೆ ಮತ್ತು ಮೇಣ ಮಾತ್ರ ಇರುತ್ತವೆ. ಲೋಷನ್‌ನಲ್ಲಿ ನೀರು ಮತ್ತು ಎಣ್ಣೆ ಬೆರೆತಿರುತ್ತವೆ. ನೀರಿರುವ ಕಡೆ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯುವುದರಿಂದ, ಮೊದಲ ಬಾರಿ ತಯಾರಿಸುವವರು ಮುಲಾಮಿನಿಂದ ಆರಂಭಿಸುವುದು ಸೂಕ್ತ.

ಗಿಡಮೂಲಿಕೆಗಳ ಆಯ್ಕೆ

• ಒಂದೆಲಗ: ಗದ್ದೆಯ ಬದು ಮತ್ತು ಕಾಲುವೆಯ ಅಂಚಿನಲ್ಲಿ ಬೆಳೆಯುತ್ತದೆ. ಚರ್ಮದ ಆರೈಕೆಯಲ್ಲಿ ಪರಂಪರೆಯಿಂದ ಬಳಕೆಯಲ್ಲಿದೆ. ಪೀಡೆನಾಶಕ ಸಿಂಪಡಿಸಿದ ಗದ್ದೆಯ ಬದುವಿನಿಂದ ಸಂಗ್ರಹಿಸಬಾರದು.
• ಬೇವಿನ ಎಲೆ: ಮಿತ ಪ್ರಮಾಣದಲ್ಲಿ ಸಾಕು. ಶಿಶುಗಳಿಗೆ ಬಳಸುವ ಮುಲಾಮಿಗೆ ಸೇರಿಸಬಾರದು.
• ಅರಿಶಿನ: ಒಂದು ಚಿಟಿಕೆ ಸಾಕು. ಹೆಚ್ಚಾದರೆ ಚರ್ಮಕ್ಕೂ ಬಟ್ಟೆಗೂ ಕಲೆಯಾಗುತ್ತದೆ.
• ಲೋಳೆಸರ: ಎಲೆಯನ್ನು ಕತ್ತರಿಸಿ, ಕತ್ತರಿಸಿದ ಭಾಗ ಕೆಳಗಿರುವಂತೆ 15 ನಿಮಿಷ ನಿಲ್ಲಿಸಬೇಕು. ಸೋರುವ ಹಳದಿ ರಸ ತುರಿಕೆ ಉಂಟುಮಾಡಬಲ್ಲದಾದ್ದರಿಂದ ಅದನ್ನು ತೊಳೆದುಹಾಕಿ, ಒಳಗಿನ ಪಾರದರ್ಶಕ ತಿರುಳನ್ನಷ್ಟೇ ಉಪಯೋಗಿಸಬೇಕು.

ನಿಂಬೆರಸ, ಅಡುಗೆ ಸೋಡ ಮತ್ತು ಸುಣ್ಣವನ್ನು ಯಾವ ಕಾರಣಕ್ಕೂ ಬೆರೆಸಬಾರದು. ನಿಂಬೆರಸ ಹಚ್ಚಿದ ಚರ್ಮ ಬಿಸಿಲಿಗೆ ಒಡ್ಡಿಕೊಂಡರೆ ಸುಟ್ಟಂತಹ ಗಾಯ ಮತ್ತು ಕಪ್ಪು ಕಲೆ ಉಂಟಾಗಬಹುದು. ಸೋಡ ಮತ್ತು ಸುಣ್ಣ ಕ್ಷಾರಗುಣದವು. ಚರ್ಮ ಸಹಜವಾಗಿ ತುಸು ಆಮ್ಲೀಯವಾದುದು.

ಹಂತ 1: ಮೂಲಿಕೆ ಎಣ್ಣೆ

ಬೇಕಾಗುವ ಸಾಮಗ್ರಿ: ಕೊಬ್ಬರಿ ಎಣ್ಣೆ 150 ಗ್ರಾಂ, ಎಳ್ಳೆಣ್ಣೆ 100 ಗ್ರಾಂ, ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿದ ಒಂದೆಲಗ 20 ಗ್ರಾಂ, ಒಣಗಿದ ಬೇವಿನ ಎಲೆ 5 ಗ್ರಾಂ, ಅರಿಶಿನ ಪುಡಿ ಒಂದು ಚಿಟಿಕೆ.

ವಿಧಾನ: ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು, ಅದರೊಳಗೆ ಎಣ್ಣೆಯ ಪಾತ್ರೆಯನ್ನು ಇರಿಸಬೇಕು. ಒಣ ಎಲೆಗಳನ್ನು ಪುಡಿ ಮಾಡಿ ಎಣ್ಣೆಗೆ ಹಾಕಿ, ಸಣ್ಣ ಉರಿಯಲ್ಲಿ ಆಗಾಗ ಕೈಯಾಡಿಸುತ್ತ 2 ಗಂಟೆ ಕಾಯಿಸಬೇಕು. ಉರಿಯ ಮೇಲೆ ನೇರವಾಗಿ ಇಟ್ಟರೆ ಎಲೆ ಸೀದು ಎಣ್ಣೆ ಕಮಟು ವಾಸನೆ ಪಡೆಯುತ್ತದೆ. ತಣಿದ ನಂತರ ತೆಳು ಬಟ್ಟೆಯಲ್ಲಿ ಎರಡು ಬಾರಿ ಸೋಸಬೇಕು.

ಎಣ್ಣೆಯಲ್ಲಿ ನೀರಿನ ಅಂಶ ಉಳಿದಿದೆಯೇ ಎಂದು ತಿಳಿಯಲು ನಮ್ಮ ಹಿರಿಯರು ಅನುಸರಿಸುತ್ತಿದ್ದ ಪರೀಕ್ಷೆ ಇಂದಿಗೂ ಉಪಯುಕ್ತ. ಹತ್ತಿಯ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಪಾತ್ರೆಯಿಂದ ದೂರ ಒಯ್ದು ಹಚ್ಚಬೇಕು. ಚಟಪಟ ಸದ್ದಿಲ್ಲದೆ ಉರಿದರೆ ಎಣ್ಣೆ ಸಿದ್ಧವಾಗಿದೆ. ಸದ್ದು ಬಂದರೆ ಇನ್ನಷ್ಟು ಹೊತ್ತು ಕಾಯಿಸಬೇಕು.

ಹಂತ 2: ಮುಲಾಮು (100 ಗ್ರಾಂ)

ಬೇಕಾಗುವ ಸಾಮಗ್ರಿ: ಮೂಲಿಕೆ ಎಣ್ಣೆ 75 ಗ್ರಾಂ, ಹರಳೆಣ್ಣೆ 10 ಗ್ರಾಂ, ಶುದ್ಧೀಕರಿಸಿದ ಜೇನುಮೇಣ 15 ಗ್ರಾಂ.

ಹೆಗ್ಗಡದೇವನಕೋಟೆ ಮತ್ತು ಹುಣಸೂರಿನ ಕಾಡಂಚಿನಲ್ಲಿ ಜೇನು ಸಂಗ್ರಹ ಹಳೆಯ ಕಸುಬು. ಜೇನು ಹಿಂಡಿದ ನಂತರ ಉಳಿಯುವ ಹುಟ್ಟನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ತಣಿಯಲು ಬಿಟ್ಟರೆ ಮೇಣ ಮೇಲೆ ತೇಲಿ ಗಟ್ಟಿಯಾಗುತ್ತದೆ. ತಳದಲ್ಲಿ ಅಂಟಿದ ಕಸವನ್ನು ಹೆರೆದು, ಮೇಣವನ್ನು ಚೆನ್ನಾಗಿ ಒಣಗಿಸಿ ಉಪಯೋಗಿಸಬೇಕು. ಮೇಣದಬತ್ತಿಯ ಮೇಣ ಇದಕ್ಕೆ ಬದಲಿಯಲ್ಲ.

ವಿಧಾನ:
1. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದನ್ನು ತುರಿದು, ಬಿಸಿನೀರಿನ ಪಾತ್ರೆಯೊಳಗಿಟ್ಟ ಪಾತ್ರೆಯಲ್ಲಿ ಕರಗಿಸಬೇಕು.
2. ಎರಡೂ ಎಣ್ಣೆಗಳನ್ನು ಸೇರಿಸಿ, ಮಿಶ್ರಣ ತಿಳಿಯಾಗುವವರೆಗೆ ಕಲಕಬೇಕು.
3. ಒಂದು ಚಮಚ ಮಿಶ್ರಣವನ್ನು ತಣ್ಣನೆಯ ತಟ್ಟೆಯ ಮೇಲೆ ಹಾಕಿ ಹದ ನೋಡಬೇಕು. ಗಟ್ಟಿಯಾದರೆ ತುಸು ಎಣ್ಣೆ, ತೆಳುವಾದರೆ ತುಸು ಮೇಣ ಸೇರಿಸಬೇಕು. ಕೊಬ್ಬರಿ ಎಣ್ಣೆ ಸುಮಾರು 25 ಡಿಗ್ರಿಯಲ್ಲೇ ಕರಗುವುದರಿಂದ ಬೇಸಿಗೆಯಲ್ಲಿ ಮೇಣವನ್ನು 18 ಗ್ರಾಂವರೆಗೆ ಹೆಚ್ಚಿಸಬಹುದು.
4. ಕುದಿಸಿ ಪೂರ್ಣವಾಗಿ ಒಣಗಿಸಿದ ಗಾಜಿನ ಅಥವಾ ಸ್ಟೀಲ್ ಡಬ್ಬಿಗೆ ಸುರಿದು, ತಣಿದ ಮೇಲೆ ಮುಚ್ಚಬೇಕು. ಬಿಸಿಯಿರುವಾಗಲೇ ಮುಚ್ಚಿದರೆ ಮುಚ್ಚಳದಲ್ಲಿ ನೀರು ಕಟ್ಟುತ್ತದೆ.

ಒಣ ಕೈಯಿಂದ ತೆಗೆದು, ತಂಪಾದ ಕತ್ತಲೆ ಜಾಗದಲ್ಲಿಟ್ಟರೆ ಇದನ್ನು ಕೆಲವು ತಿಂಗಳು ಬಳಸಬಹುದು. ಕಮಟು ವಾಸನೆ ಬಂದರೆ ಬಿಸಾಡಬೇಕು.

ಹಂತ 3: ಲೋಷನ್ (200 ಗ್ರಾಂ)

ಬೇಕಾಗುವ ಸಾಮಗ್ರಿ: ಕುದಿಸಿ ಆರಿಸಿದ ನೀರು 120 ಗ್ರಾಂ, ರುಬ್ಬಿ ಸೋಸಿದ ಲೋಳೆಸರದ ತಿರುಳು 20 ಗ್ರಾಂ, ಗ್ಲಿಸರಿನ್ 10 ಗ್ರಾಂ, ಮೂಲಿಕೆ ಎಣ್ಣೆ 36 ಗ್ರಾಂ, ಎಮಲ್ಸಿಫೈಯಿಂಗ್ ವ್ಯಾಕ್ಸ್ 12 ಗ್ರಾಂ, ಸಂರಕ್ಷಕವಾಗಿ ಫಿನಾಕ್ಸಿಎಥನಾಲ್ 2 ಗ್ರಾಂ.

ಜೇನುಮೇಣವೊಂದೇ ನೀರು ಮತ್ತು ಎಣ್ಣೆಯನ್ನು ಬೆಸೆಯಲಾರದು. ಅದಕ್ಕೆಂದೇ ತಯಾರಾದ ಎಮಲ್ಸಿಫೈಯಿಂಗ್ ವ್ಯಾಕ್ಸ್ ಅಗತ್ಯ. ಇದು ಸೌಂದರ್ಯವರ್ಧಕಗಳ ಕಚ್ಚಾ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ದೊರೆಯುತ್ತದೆ.

ವಿಧಾನ:
1. ಒಂದು ಪಾತ್ರೆಯಲ್ಲಿ ನೀರು, ಲೋಳೆಸರ ಮತ್ತು ಗ್ಲಿಸರಿನ್. ಇನ್ನೊಂದರಲ್ಲಿ ಎಣ್ಣೆ ಮತ್ತು ವ್ಯಾಕ್ಸ್ ಹಾಕಿ, ಎರಡನ್ನೂ 70ರಿಂದ 75 ಡಿಗ್ರಿಗೆ ಬಿಸಿ ಮಾಡಿ 20 ನಿಮಿಷ ಅದೇ ಶಾಖದಲ್ಲಿಡಬೇಕು.
2. ಆವಿಯಾದಷ್ಟು ನೀರನ್ನು ತೂಗಿ ಭರ್ತಿ ಮಾಡಿ, ನೀರಿನ ಭಾಗವನ್ನು ಎಣ್ಣೆಯ ಭಾಗಕ್ಕೆ ನಿಧಾನವಾಗಿ ಸುರಿಯುತ್ತ ಕಡೆಯಬೇಕು.
3. ಹಾಲಿನಂತೆ ಬಿಳುಪಾದ ಮಿಶ್ರಣ ಸುಮಾರು 40 ಡಿಗ್ರಿಗೆ ತಣಿಯುವವರೆಗೆ ಕಡೆಯುತ್ತಿದ್ದು, ಕೊನೆಯಲ್ಲಿ ಸಂರಕ್ಷಕ ಬೆರೆಸಬೇಕು. ಅದರ ಪ್ರಮಾಣ ಶೇ. 1 ಮೀರಬಾರದು.
4. ಶುದ್ಧವಾದ ಪಂಪ್ ಬಾಟಲಿಗೆ ತುಂಬಿ, ತಯಾರಿಸಿದ ದಿನಾಂಕ ಬರೆಯಬೇಕು.

ಸಂರಕ್ಷಕ ಬಳಸಿದ ಲೋಷನನ್ನು ಒಂದು ತಿಂಗಳೊಳಗೆ ಮುಗಿಸಬೇಕು. ಸಂರಕ್ಷಕವಿಲ್ಲದಿದ್ದರೆ ಐದನೇ ಒಂದು ಭಾಗದಷ್ಟನ್ನೇ ತಯಾರಿಸಿ, ಫ್ರಿಜ್‌ನಲ್ಲಿಟ್ಟು 5 ದಿನಗಳೊಳಗೆ ಬಳಸಬೇಕು. ಫ್ರಿಜ್ ಇಲ್ಲದ ಮನೆಗಳಲ್ಲಿ ಮುಲಾಮು ಮಾತ್ರ ತಯಾರಿಸುವುದು ಒಳಿತು. ಬಣ್ಣ, ವಾಸನೆ ಬದಲಾದರೆ ಅಥವಾ ನೀರು ಬೇರ್ಪಟ್ಟರೆ ಬಳಸಬಾರದು. ಕೆಟ್ಟಿರುವುದು ಕಣ್ಣಿಗೆ ಕಾಣದೆಯೂ ಇರಬಹುದು, ಆದ್ದರಿಂದ ಅವಧಿಯನ್ನು ತಪ್ಪದೆ ಪಾಲಿಸಬೇಕು.

ಬಳಸುವ ಕ್ರಮ

ಮೊದಲು ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ 48 ಗಂಟೆ ಗಮನಿಸಬೇಕು. ತುರಿಕೆ, ಕೆಂಪು ಅಥವಾ ಗುಳ್ಳೆ ಕಂಡರೆ ಉಪಯೋಗಿಸಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿ, ಮೈಯನ್ನು ಉಜ್ಜದೆ ಒತ್ತಿ ಒರೆಸಿ, ಇನ್ನೂ ಹಸಿಯಿರುವಾಗಲೇ ಕೆಲವು ನಿಮಿಷಗಳಲ್ಲಿ ಲೋಷನ್ ಹಚ್ಚಿದರೆ ಪರಿಣಾಮ ಹೆಚ್ಚು. ಸೀಳಿದ ಹಿಮ್ಮಡಿಯನ್ನು ರಾತ್ರಿ 10 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒರೆಸಿ, ಮುಲಾಮು ಸವರಿ ಹತ್ತಿಯ ಕಾಲುಚೀಲ ಧರಿಸಬೇಕು. ಮಧುಮೇಹಿಗಳು ಕಾಲು ನೆನೆಸುವುದಾಗಲಿ ಬ್ಲೇಡಿನಿಂದ ಹೆರೆಯುವುದಾಗಲಿ ಮಾಡದೆ ವೈದ್ಯರನ್ನು ಕಾಣಬೇಕು.

ಹೊಗೆಸೊಪ್ಪಿನ ಕೆಲಸ ಮಾಡುವವರಿಗೆ ವಿಶೇಷ ಸೂಚನೆ

ಈ ಲೋಷನ್ ಅಥವಾ ಮುಲಾಮು ನಿಕೋಟಿನ್ ಮತ್ತು ಪೀಡೆನಾಶಕಗಳಿಂದ ರಕ್ಷಣೆ ನೀಡುವುದಿಲ್ಲ. ಕೆಲಸಕ್ಕೆ ಹೋಗುವ ಮುನ್ನ ಇದನ್ನು ಹಚ್ಚಿಕೊಂಡು ಕೈಗವಸು ಬಿಡುವುದು ಅಪಾಯಕಾರಿ. ನಿಕೋಟಿನ್ ನೀರಿನಲ್ಲಿ ಕರಗುತ್ತದೆ; ಇಬ್ಬನಿ, ಮಳೆ ಅಥವಾ ಬೆವರಿನಿಂದ ಹಸಿಯಾದ ಎಲೆಯನ್ನು ಬರಿಗೈಯಲ್ಲಿ ಕಿತ್ತಾಗ, ಕಂಕುಳಲ್ಲಿ ಅವುಚಿ ಹೊತ್ತಾಗ ಅದು ಚರ್ಮದ ಮೂಲಕ ದೇಹ ಸೇರಿ ವಾಕರಿಕೆ, ವಾಂತಿ, ತಲೆಸುತ್ತು, ತಲೆನೋವು ಮತ್ತು ನಿಶ್ಶಕ್ತಿ ಉಂಟುಮಾಡುತ್ತದೆ. ಇದನ್ನು ಹಸಿ ತಂಬಾಕು ಕಾಯಿಲೆ ಎನ್ನುತ್ತಾರೆ. ಪಿತ್ತವೆಂದೋ ಬಿಸಿಲೆಂದೋ ಭಾವಿಸಿ ಇದನ್ನು ಕಡೆಗಣಿಸಬಾರದು.

• ಎಲೆ ಒಣಗಿದ ಮೇಲೆ ಕೀಳಬೇಕು. ನೀರು ತಡೆಯುವ ಕೈಗವಸು ಮತ್ತು ತುಂಬುತೋಳಿನ ಅಂಗಿ ಧರಿಸಿ, ಒದ್ದೆಯಾದ ಬಟ್ಟೆಯನ್ನು ಕೂಡಲೇ ಬದಲಿಸಬೇಕು.
• ಕೆಲಸ ಮುಗಿದೊಡನೆ ಸೋಪು ಮತ್ತು ತಣ್ಣೀರಿನಿಂದ ಕೈ ತೊಳೆಯಬೇಕು. ಉಳಿದ ಅಂಟಿಗೆ ತುಸು ಕೊಬ್ಬರಿ ಎಣ್ಣೆ ಉಜ್ಜಿ, ಮತ್ತೆ ಸೋಪಿನಿಂದ ತೊಳೆಯಬೇಕು. ಸೀಮೆಎಣ್ಣೆ ಬಳಸಬಾರದು. ಪೂರ್ಣ ಶುಚಿಯಾದ ಮೇಲಷ್ಟೇ ಲೋಷನ್ ಹಚ್ಚಬೇಕು.
• ಎಣ್ಣೆ ಅಥವಾ ಮುಲಾಮು ಹೀರಿಕೊಂಡ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಬ್ಯಾರನ್‌ನ ಒಲೆಗೆ ಸೌದೆ ಹಾಕುವವರು ಮೈಗೆ ಹಚ್ಚಿಕೊಂಡ ಬಟ್ಟೆಯಲ್ಲೇ ಬೆಂಕಿಯ ಬಳಿ ಹೋಗಬಾರದು. ರಾತ್ರಿ ಪಾಳಿ ಮುಗಿಸಿ, ತೊಳೆದುಕೊಂಡು ಹಚ್ಚಬೇಕು.
• ವಾಂತಿ, ತಲೆಸುತ್ತು ಕಂಡರೆ ಕೆಲಸ ನಿಲ್ಲಿಸಿ, ಬಟ್ಟೆ ಬದಲಿಸಿ, ಮೈ ತೊಳೆದು, ಸಮೀಪದ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ತುರ್ತಿನಲ್ಲಿ 108ಕ್ಕೆ ಕರೆ ಮಾಡಬೇಕು.
• ಗರ್ಭಿಣಿಯರು ಮತ್ತು ಮಕ್ಕಳು ಹಸಿ ಸೊಪ್ಪನ್ನು ಮುಟ್ಟಬಾರದು.

ಮಾರಾಟದ ಬಗ್ಗೆ

ಮನೆ ಬಳಕೆಗೆ ತಯಾರಿಸಲು ಅನುಮತಿ ಬೇಕಿಲ್ಲ. ಆದರೆ ಸ್ವಸಹಾಯ ಸಂಘಗಳು ಮಾರಾಟಕ್ಕಾಗಿ ತಯಾರಿಸುವುದಾದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಹಾಗೂ 2020ರ ಸೌಂದರ್ಯವರ್ಧಕ ನಿಯಮಗಳಡಿ ತಯಾರಿಕಾ ಪರವಾನಗಿ ಪಡೆಯಬೇಕು. ರೋಗ ವಾಸಿಯಾಗುತ್ತದೆ ಎಂದು ಚೀಟಿಯಲ್ಲಿ ಬರೆಯಬಾರದು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಪ್ರಾತ್ಯಕ್ಷಿಕೆಯನ್ನು ಎಲೆ ಕೀಳುವ ಹಂಗಾಮಿಗೆ ಮೊದಲು ಏರ್ಪಡಿಸಿ, ಮುಲಾಮು ತಯಾರಿಕೆಯ ಜೊತೆಗೆ ಕೈಗವಸಿನ ಬಳಕೆಯನ್ನೂ ತೋರಿಸಬೇಕು. ಗ್ರಾಂ ತೂಗುವ ಸಣ್ಣ ತಕ್ಕಡಿ ಮತ್ತು ಉಷ್ಣಮಾಪಕವನ್ನು ಸಂಘಕ್ಕೊಂದರಂತೆ ಹಂಚಿಕೊಂಡರೆ ಖರ್ಚು ಉಳಿಯುತ್ತದೆ. ಹದಿನೈದು ದಿನ ಹಚ್ಚಿದರೂ ಗುಣವಾಗದ ಸೀಳು, ಕೀವು, ಊತ ಅಥವಾ ಹರಡುವ ತುರಿಕೆ ಇರುವವರನ್ನು ಚರ್ಮವೈದ್ಯರ ಬಳಿಗೆ ಕಳುಹಿಸಬೇಕು. ಮನೆಯ ಮುಲಾಮು ಆರೋಗ್ಯವಂತ ಚರ್ಮವನ್ನು ಕಾಯುತ್ತದೆ, ರೋಗಕ್ಕೆ ಚಿಕಿತ್ಸೆಯಾಗುವುದಿಲ್ಲ.