ಸಿದ್ಧ ತಂತ್ರಾಂಶವೂ ಹೇಳಿಮಾಡಿಸಿದ ತಂತ್ರಾಂಶವೂ

ಗಣಕಯಂತ್ರಕ್ಕೆ ಕೆಲಸವನ್ನು ವಿಧಿಸುವ ಸೂಚನೆಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಒಬ್ಬ ಗಿರಾಕಿಗಾಗಿಯೇ ರಚಿಸಿದುದೊಂದು, ಸಿದ್ಧಪಡಿಸಿ ಎಲ್ಲರಿಗೂ ಮಾರುವುದೊಂದು, ಹೀಗೆ ಇದರಲ್ಲಿ ಎರಡು ಬಗೆಗಳುಂಟು. ಇವೆರಡೂ ಪರಸ್ಪರ ವಿರುದ್ಧವೆಂದು ಹಲವರು ಎಣಿಸುವರು. ಚರಿತ್ರೆಯನ್ನು ನೋಡಿದರೆ, ಎಷ್ಟೋ ಕಡೆ ಮೊದಲನೆಯದರ ಹೊಟ್ಟೆಯಲ್ಲಿಯೇ ಎರಡನೆಯದು ಹುಟ್ಟಿತೆಂಬುದು ವಿದಿತವಾಗುತ್ತದೆ.

1950ರ ದಶಕದಲ್ಲಿ ಅಮೆರಿಕದ ಸಂಸ್ಥೆಗಳು ತಮಗೆ ಬೇಕಾದುದನ್ನು ಬಹುಮಟ್ಟಿಗೆ ತಾವೇ ಬರೆಯಿಸಿಕೊಳ್ಳುತ್ತಿದ್ದುವು. ಯಂತ್ರ ಮಾರುವವರು ಕೆಲವನ್ನು ಯಂತ್ರದ ಬೆಲೆಯಲ್ಲಿಯೇ ಸೇರಿಸಿ ಕೊಡುತ್ತಿದ್ದರು. ಹಾಗಿರಲು ಪ್ರತ್ಯೇಕವಾಗಿ ಹಣ ತೆರುವವರಾರು? ಅಪ್ಲೈಡ್ ಡೇಟಾ ರಿಸರ್ಚ್ ಎಂಬ ಸಂಸ್ಥೆಯು ಆರ್.ಸಿ.ಎ. ಕಂಪೆನಿಯ ಕೋರಿಕೆಯನ್ನನುಸರಿಸಿ ‘ಆಟೋಫ್ಲೋ’ ಎಂಬುದನ್ನು ರಚಿಸಿತು. ಕೇಳಿದವರೇ ಕೊಳ್ಳಲಿಲ್ಲ. 1965ರ ಸುಮಾರಿಗೆ ಸಂಸ್ಥೆಯವರು ಅದನ್ನೇ ಇತರರಿಗೆ ಮಾರತೊಡಗಿದರು. 1969ರ ಜೂನ್ 23ರಂದು ಐ.ಬಿ.ಎಂ. ಸಂಸ್ಥೆಯು ತಂತ್ರಾಂಶಕ್ಕೆ ಬೇರೆ ಬೆಲೆಯಿಡುವುದಾಗಿ ಸಾರಲು, ಸಿದ್ಧ ಸರಕಿನ ವ್ಯಾಪಾರಕ್ಕೆ ದಾರಿ ಸುಗಮವಾಯಿತು.

1972ರಲ್ಲಿ ಐ.ಬಿ.ಎಂ. ಬಿಟ್ಟುಬಂದ ಐವರು ಜರ್ಮನಿಯಲ್ಲಿ ಎಸ್.ಎ.ಪಿ. ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಮೊದಲ ಗಿರಾಕಿ ಓಸ್ಟ್ರಿಂಗೆನ್ ಊರಿನ ಐ.ಸಿ.ಐ. ನೈಲಾನ್ ಕಾರ್ಖಾನೆ. ಅಲ್ಲಿಗೆಂದು ಮಾಡಿದ ಕೆಲಸವೇ ಮುಂದೆ ಹಲವು ಉದ್ಯಮಗಳಿಗೆ ಸಲ್ಲುವ ಸಿದ್ಧ ತಂತ್ರಾಂಶಕ್ಕೆ ತಳಹದಿಯಾಯಿತು. ನಮ್ಮ ಬೆಂಗಳೂರಿನ ‘ಟ್ಯಾಲಿ’ಯ ಕಥೆಯೂ ಇಂತಹುದೇ. ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಪ್ಪುವ ತಂತ್ರಾಂಶವು ದೊರೆಯದಿರಲು, ಮಗ ಭರತ ಗೋಯೆಂಕಾ ಅದನ್ನು ರಚಿಸಿದರು. 1986ರಲ್ಲಿ ಮೊದಲಾದ ಆ ಉದ್ಯಮದ ಲೆಕ್ಕದ ತಂತ್ರಾಂಶವು ದೇಶದ ಸಣ್ಣ ವರ್ತಕರವರೆಗೂ ಹಬ್ಬಿತು.

ಇನ್ನು ಕೊಳ್ಳುವವನ ಮಾತು. ಸಿದ್ಧವಾದುದರಲ್ಲಿ ರಚನೆಯ ವೆಚ್ಚವು ಅನೇಕರಿಗೆ ಹಂಚಿಹೋಗುತ್ತದೆ. ಒಬ್ಬನಿಗೆ ಕಂಡ ದೋಷವನ್ನು ತಿದ್ದಿದರೆ ಎಲ್ಲರಿಗೂ ಲಾಭ. ಆದರೆ ಕೊಂಡವನು ತನ್ನ ರೂಢಿಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಹೇಳಿಮಾಡಿಸಿದುದು ಅವನ ರೂಢಿಗೆ ಒಗ್ಗುತ್ತದೆ. ಅದರ ಪೋಷಣೆಯ ಭಾರವೆಲ್ಲವೂ ಅವನೊಬ್ಬನದೇ. ಸಿದ್ಧವಾದುದನ್ನು ಕೊಂಡು ಒಳಗೆಲ್ಲ ಮಾರ್ಪಡಿಸುವವನ ಪಾಡು ಇನ್ನೂ ಕಷ್ಟ. ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯ ಮಾರ್ಪಾಡುಗಳನ್ನು ಮತ್ತೆ ಪರಿಶೋಧಿಸಿ ಕೂಡಿಸಬೇಕಾದೀತು.

ಆದಕಾರಣ, ಎಲ್ಲರಲ್ಲಿಯೂ ಒಂದೇ ತೆರನಾಗಿ ನಡೆಯುವ ಜಮಾಖರ್ಚಿನಂತಹ ಕೆಲಸಕ್ಕೆ ಸಿದ್ಧ ತಂತ್ರಾಂಶವೇ ಲೇಸು. ತನ್ನ ಕಸುಬಿಗೇ ವಿಶೇಷವಾದುದನ್ನು ಹೇಳಿಮಾಡಿಸುವುದು ಯುಕ್ತ. ತನ್ನ ರೂಢಿಗಳಲ್ಲಿ ಯಾವುದು ಹಿರಿಮೆ, ಯಾವುದು ಬರಿಯ ಹಟ ಎಂಬ ವಿವೇಚನೆಯನ್ನು ಮಾತ್ರ ಯಾವ ಅಂಗಡಿಯವನೂ ಮಾರಲಾರನು.